ಕೂಟಶಾಸನದಿಂದ ಕೂಟಪತ್ರಿಕೆಗೆ: ಅಪರಿಚಿತ ಸಂಶೋಧನ ಸಂಸ್ಥೆಗಳ ಗುರುತು ಹಚ್ಚುವ ಬಗೆ

೧

ವಿದ್ವತ್ಪತ್ರಿಕೆಯೊಂದನ್ನು ಕೈಗೆತ್ತಿಕೊಂಡ ಓದುಗನ ಗಮನ ಸಾಮಾನ್ಯವಾಗಿ ಲೇಖನದ ಮೇಲಿರುತ್ತದೆಯೇ ಹೊರತು ಆ ಪತ್ರಿಕೆಯನ್ನು ಹೊರತಂದ ಸಂಸ್ಥೆಯ ಮೇಲಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, ಪ್ರಬುದ್ಧ ಕರ್ಣಾಟಕ, ಮಿಥಿಕ್ ಸೊಸೈಟಿಯ ತ್ರೈಮಾಸಿಕ ಇಂಥವುಗಳ ಹಿಂದೆ ಯಾರಿದ್ದಾರೆ ಎಂದು ಕನ್ನಡದ ವಿದ್ಯಾರ್ಥಿ ಕೇಳಬೇಕಾದ ಪ್ರಸಂಗ ಬರಲಿಲ್ಲ. ಸಂಸ್ಥೆಯ ಪರಿಚಯ ಮೊದಲು, ಪತ್ರಿಕೆಯ ಪರಿಚಯ ನಂತರ ಎಂಬ ಕ್ರಮ ಅಲ್ಲಿತ್ತು. ಕಳೆದ ಎರಡು ದಶಕಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಪತ್ರಿಕೆ ಮೊದಲು ಕಣ್ಣಿಗೆ ಬೀಳುತ್ತದೆ. ಅದರ ರಕ್ಷಾಪುಟದ ಮೇಲೆ 'ಅಂತರರಾಷ್ಟ್ರೀಯ' ಎಂಬ ವಿಶೇಷಣದೊಡನೆ ವೈಜ್ಞಾನಿಕ ಸಂಸ್ಥೆಯೊಂದರ ಹೆಸರಿರುತ್ತದೆ. ಆ ಸಂಸ್ಥೆ ಎಲ್ಲಿದೆ, ಯಾರದು, ಇದೆಯೇ ಇಲ್ಲವೇ ಎಂಬುದು ಮಾತ್ರ ಸ್ಪಷ್ಟವಾಗಿರುವುದಿಲ್ಲ.

ಈ ಪ್ರಶ್ನೆ ಇಂದು ಕೇವಲ ಕುತೂಹಲದ್ದಲ್ಲ. ೨೦೦೯ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಾವಳಿ ಮಹಾಪ್ರಬಂಧವನ್ನು ಸಲ್ಲಿಸುವ ಮೊದಲು ತಜ್ಞರು ಪರಿಶೀಲಿಸುವ ಪತ್ರಿಕೆಯೊಂದರಲ್ಲಿ ಒಂದು ಲೇಖನವಾದರೂ ಪ್ರಕಟವಾಗಿರಬೇಕೆಂದು ವಿಧಿಸಿತು. ೨೦೧೦ರ ನಿಯಮಾವಳಿ ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಪ್ರಕಟಣೆಗಳನ್ನು ಅಂಕಗಳಲ್ಲಿ ಎಣಿಸಿತು. ಬೇಡಿಕೆ ಹುಟ್ಟಿದ ಕಡೆ ಪೂರೈಕೆಯೂ ಹುಟ್ಟಿತು. ೨೦೧೭ರಲ್ಲಿ ಆಯೋಗವು ಅಂಗೀಕೃತ ಪತ್ರಿಕೆಗಳ ಪಟ್ಟಿಯನ್ನು ಪ್ರಕಟಿಸಿತು; ೨೦೧೮ರ ಮೇ ತಿಂಗಳಲ್ಲಿ ಅದರಿಂದ ೪,೩೦೫ ಪತ್ರಿಕೆಗಳನ್ನು ತೆಗೆದುಹಾಕಿತು; ೨೦೧೯ರ ಜೂನ್‌ನಲ್ಲಿ 'ಕೇರ್' ಎಂಬ ಹೆಸರಿನ ಹೊಸ ಪಟ್ಟಿಯನ್ನು ತಂದಿತು. ಮಹಾಪ್ರಬಂಧಕ್ಕೆ ಮುಂಚಿನ ಪ್ರಕಟಣೆಯ ಕಡ್ಡಾಯವು ೨೦೨೨ರ ನಿಯಮಾವಳಿಯಲ್ಲಿ ಬಿಟ್ಟುಹೋಯಿತು. ೨೦೨೫ರ ಫೆಬ್ರವರಿಯಲ್ಲಿ ಆ ಕೇರ್ ಪಟ್ಟಿಯನ್ನೂ ಆಯೋಗ ಕೈಬಿಟ್ಟಿತು. ಪತ್ರಿಕೆಯನ್ನು ಅಳೆಯಲು ಕೆಲವು ಸೂಚಕ ಮಾನದಂಡಗಳನ್ನು ಕೊಟ್ಟು, ಆಯ್ಕೆಯ ಹೊಣೆಯನ್ನು ಆಯಾ ವಿದ್ಯಾಸಂಸ್ಥೆಗೇ ಒಪ್ಪಿಸಿತು. ಎಂದರೆ, ಅಪರಿಚಿತ ಪತ್ರಿಕೆಯ ಹಿಂದಿರುವ ಸಂಸ್ಥೆಯ ಗುರುತು ಹಚ್ಚುವ ಕೆಲಸ ಈಗ ಪ್ರತಿಯೊಂದು ವಿಭಾಗದ, ಪ್ರತಿಯೊಬ್ಬ ಮಾರ್ಗದರ್ಶಕನ, ಪ್ರತಿಯೊಬ್ಬ ಸಂಶೋಧನ ವಿದ್ಯಾರ್ಥಿಯ ಕೆಲಸ. ಈ ಕೆಲಸಕ್ಕೆ ಬೇಕಾದ ವಿಧಾನ ಕನ್ನಡ ವಿದ್ವತ್ತಿನಲ್ಲಿ ಮೊದಲಿನಿಂದಲೂ ಇದೆಯೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಶಾಸನಶಾಸ್ತ್ರದಲ್ಲಿ 'ಕೂಟಶಾಸನ' ಎಂಬ ಪಾರಿಭಾಷಿಕವೊಂದಿದೆ. ರಾಜನು ಕೊಡದ ದಾನವನ್ನು ರಾಜನು ಕೊಟ್ಟಂತೆ ಬರೆಸಿಕೊಂಡ ಸುಳ್ಳು ಪಟ ಎಂಬುದು ಅದರ ಅರ್ಥ. ಇದು ಆಧುನಿಕರು ಕಟ್ಟಿದ ಪದವಲ್ಲ. ಮನುಸ್ಮೃತಿ ಇಂಥ ಶಾಸನವನ್ನು ಮಾಡಿದವನಿಗೆ ದಂಡನೆಯನ್ನು ಹೇಳುತ್ತದೆ. ಏಳನೆಯ ಶತಮಾನದ ಹರ್ಷವರ್ಧನನ ಮಧುಬನ ತಾಮ್ರಪಟದಲ್ಲಿ, ಬ್ರಾಹ್ಮಣನೊಬ್ಬನು ಕೂಟಶಾಸನದ ಬಲದಿಂದ ಗ್ರಾಮವೊಂದನ್ನು ಅನುಭವಿಸುತ್ತಿದ್ದನೆಂದೂ ಆ ಪಟವನ್ನು ಮುರಿಸಿ ಗ್ರಾಮವನ್ನು ಬೇರೆಯವರಿಗೆ ಕೊಡಲಾಯಿತೆಂದೂ ಉಲ್ಲೇಖವಿದೆ. ಲಾಭ ಎಲ್ಲಿದೆಯೋ ಅಲ್ಲಿ ನಕಲು ಹುಟ್ಟುತ್ತದೆ ಎಂಬ ಮಾತಿಗೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಕನ್ನಡ ನಾಡಿನ ಮಟ್ಟಿಗೆ ಈ ಚರ್ಚೆ ತೀವ್ರವಾದದ್ದು ಗಂಗರ ತಾಮ್ರಪಟಗಳ ವಿಷಯದಲ್ಲಿ. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಸಿದ್ಧಪಡಿಸಿದ ಬಿ. ಎಲ್. ರೈಸ್ ಅವರು ಆ ಪಟಗಳನ್ನು ಬಹುಮಟ್ಟಿಗೆ ನಂಬಿ ಗಂಗರ ಇತಿಹಾಸವನ್ನು ಕಟ್ಟಿದರು. ಜೆ. ಎಫ್. ಫ್ಲೀಟ್ ಅವರು ಲಿಪಿ, ಭಾಷೆ, ಕಾಲಗಣನೆ, ವಂಶಾವಳಿ ಈ ನಾಲ್ಕರ ಆಧಾರದಿಂದ ಅವುಗಳಲ್ಲಿ ಅನೇಕವನ್ನು ಕೂಟವೆಂದು ಸಾಧಿಸಿದರು. ೧೯೦೧ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಭಾರತದ ಕೂಟಶಾಸನಗಳ ಪಟ್ಟಿಯನ್ನೇ ಕೊಟ್ಟರು. ೩೮೮ನೆಯ ವರ್ಷವನ್ನು ಹೇಳುವ ಅವಿನೀತನ ಮಡಿಕೇರಿ ತಾಮ್ರಪಟವೂ ಈ ಚರ್ಚೆಗೆ ಸಿಲುಕಿತು. ತಾನು ಹೇಳಿಕೊಳ್ಳುವ ಕಾಲಕ್ಕಿಂತ ಬಹಳ ಈಚಿನದೆಂದು ಹಲವು ವಿದ್ವಾಂಸರು ಅದನ್ನು ಭಾವಿಸಿದ್ದಾರೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪೆನುಕೊಂಡ ತಾಮ್ರಪಟ ಬೆಳಕಿಗೆ ಬಂದಾಗ ಅದನ್ನು ನೈಜವೆಂದು ಫ್ಲೀಟರೇ ಒಪ್ಪಿಕೊಂಡರು. ಸಂದೇಹ ಎಷ್ಟು ಅಗತ್ಯವೋ, ಪಟವನ್ನು ಒಂದೊಂದಾಗಿ ನೋಡದೆ ಇಡೀ ರಾಶಿಯನ್ನು ತಳ್ಳಿಹಾಕದಿರುವ ಸಂಯಮವೂ ಅಷ್ಟೇ ಅಗತ್ಯವೆಂಬುದು ಈ ಪ್ರಸಂಗದ ಪಾಠ.

ದಾನಶಾಸನದ ಅಂಗಗಳನ್ನು ನೆನೆದರೆ ಹೋಲಿಕೆ ಸ್ಪಷ್ಟವಾಗುತ್ತದೆ. ಶಾಸನದಲ್ಲಿ ದಾನಿಯಿದ್ದಾನೆ, ಅವನ ವಂಶವಿದೆ, ತಿಥಿ ವಾರಗಳಿವೆ, ಕೊಟ್ಟ ಭೂಮಿಯ ಎಲ್ಲೆಯಿದೆ, ಸಾಕ್ಷಿಗಳಿದ್ದಾರೆ. ವಿದ್ವತ್ಪತ್ರಿಕೆಯಲ್ಲಿ ಪ್ರಕಾಶಕ ಸಂಸ್ಥೆಯಿದೆ, ಅದರ ನೋಂದಣಿಯಿದೆ, ಸಂಪುಟ ಸಂಚಿಕೆಗಳ ಕಾಲವಿದೆ, ವಿಳಾಸವಿದೆ, ಸಂಪಾದಕ ಮಂಡಳಿಯಿದೆ. ಒಂದೊಂದನ್ನೂ ಬೇರೆಯಾಗಿ, ಹೊರಗಿನ ದಾಖಲೆಯೊಡನೆ ತಾಳೆನೋಡುವುದೇ ಇಲ್ಲಿನ ವಿಧಾನ.

೩

ಮೊದಲನೆಯದು ಎಲ್ಲೆ, ಅಂದರೆ ವಿಳಾಸ. ಪತ್ರಿಕೆಯೊಂದು ತನ್ನ ಸಂಸ್ಥೆಯ ವಿಳಾಸವನ್ನು 'ದೇಹೂ ರೋಡ್, ಪುಣೆ' ಎಂದಷ್ಟೇ ಅಚ್ಚುಹಾಕಿದೆಯೆಂದು ಭಾವಿಸಿಕೊಳ್ಳಬಹುದು. ಮೇಲ್ನೋಟಕ್ಕೆ ಇದು ಪೂರ್ಣ ವಿಳಾಸವೆನಿಸುತ್ತದೆ. ಪುಣೆಯಂಥ ವಿದ್ಯಾನಗರದ ಹೆಸರೇ ಒಂದು ಗೌರವವನ್ನು ತಂದುಕೊಡುತ್ತದೆ. ೧೯೧೭ರಲ್ಲಿ ಸ್ಥಾಪಿತವಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ, ೧೯೧೦ರ ಭಾರತ ಇತಿಹಾಸ ಸಂಶೋಧಕ ಮಂಡಳ, ಡೆಕ್ಕನ್ ಕಾಲೇಜು ಇವುಗಳ ಊರು ಅದು. ಆದರೆ ದೇಹೂ ರೋಡ್ ಎಂಬುದು ಪುಣೆಯ ಒಂದು ರಸ್ತೆಯಲ್ಲ. ಪುಣೆ–ಲೋಣಾವಳ ರೈಲುದಾರಿಯಲ್ಲಿ ನಗರದ ಹೊರಗಿರುವ ನಿಲ್ದಾಣ ಅದು. ಅದರ ಸುತ್ತ ಸೇನೆಯ ಆರ್ಡಿನೆನ್ಸ್ ಡಿಪೋದೊಡನೆ ಬೆಳೆದ ದಂಡುಪ್ರದೇಶವೂ ಅದೇ. ದೇಹೂ ಎಂಬ ಗ್ರಾಮ ಅಲ್ಲಿಂದ ಕೆಲವು ಕಿಲೋಮೀಟರು ದೂರದಲ್ಲಿ ಇಂದ್ರಾಯಣಿ ನದಿಯ ದಡದಲ್ಲಿದೆ. ಆ ಗ್ರಾಮಕ್ಕೆ ಹೋಗುವ ದಾರಿಯ ನಿಲ್ದಾಣವಾದುದರಿಂದ ಈ ಹೆಸರು. ಡಾ. ಬಿ. ಆರ್. ಅಂಬೇಡ್ಕರ್ ಅವರು ೧೯೫೪ರ ಡಿಸೆಂಬರ್ ೨೫ರಂದು ಬುದ್ಧಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು ದೇಹೂ ರೋಡಿನಲ್ಲಿ. ಸಂತ ತುಕಾರಾಮರು ಬಾಳಿದ್ದು ದೇಹೂ ಗ್ರಾಮದಲ್ಲಿ. ಹೆಸರು ಸಮೀಪದ್ದಾದರೂ ಸ್ಥಳಗಳು ಎರಡು.

ಈ ವ್ಯತ್ಯಾಸವನ್ನು ಅಂಚೆಯ ಪಿನ್ ಸಂಖ್ಯೆ ಖಚಿತವಾಗಿ ಹೇಳುತ್ತದೆ. ೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂದ ಈ ಪದ್ಧತಿಯಲ್ಲಿ ಮೊದಲ ಅಂಕಿ ದೇಶದ ವಲಯವನ್ನೂ ಮೊದಲ ಮೂರು ಅಂಕಿಗಳು ಒಟ್ಟಾಗಿ ಅಂಚೆ ವಿಂಗಡಣೆಯ ಜಿಲ್ಲೆಯನ್ನೂ ಸೂಚಿಸುತ್ತವೆ. ಪುಣೆ ನಗರದ ಸಂಖ್ಯೆಗಳು ೪೧೧ರಿಂದ ಮೊದಲಾಗುತ್ತವೆ. ದೇಹೂ ರೋಡಿನದು ೪೧೨೧೦೧, ದೇಹೂ ಗ್ರಾಮದ್ದು ೪೧೨೧೦೯. ವಿಳಾಸದಲ್ಲಿ ದೇಹೂ ರೋಡ್ ಎಂದಿದ್ದು ಪಿನ್ ಸಂಖ್ಯೆ ನಗರಭಾಗದ್ದಾಗಿದ್ದರೆ, ಅಥವಾ ಸಂಖ್ಯೆಯೇ ಇಲ್ಲದಿದ್ದರೆ, ಅಲ್ಲಿ ಮೊದಲ ಸಂದೇಹ ಏಳಬೇಕು. ಎರಡನೆಯ ಅಂಶ ಆಡಳಿತದ್ದು. ದಂಡುಪ್ರದೇಶದ ಕಟ್ಟಡಗಳ ದಾಖಲೆ ಕಂಟೋನ್ಮೆಂಟ್ ಬೋರ್ಡಿನಲ್ಲಿ ಬೆಳೆದುಬಂದದ್ದು. ನೆರೆಯ ಬಡಾವಣೆಗಳದು ಪಿಂಪ್ರಿ–ಚಿಂಚವಡ ಮಹಾನಗರಪಾಲಿಕೆಯಲ್ಲಿ. ಗ್ರಾಮದ್ದು ಸ್ಥಳೀಯ ಪಂಚಾಯತಿಯಲ್ಲಿ. ಮನೆಯ ಸಂಖ್ಯೆ, ಸರ್ವೆ ಸಂಖ್ಯೆ ಇಲ್ಲದ 'ದೇಹೂ ರೋಡ್' ಎಂಬ ಬರಿಯ ಹೆಸರು ಈ ಮೂರರಲ್ಲಿ ಯಾವ ಕಚೇರಿಗೆ ಹೋಗಬೇಕೆಂಬುದನ್ನೂ ಹೇಳುವುದಿಲ್ಲ. ಶಾಸನದ ಭಾಷೆಯಲ್ಲಿ ಹೇಳುವುದಾದರೆ, ಮೂಡಲು ಪಡುವಲುಗಳಿಲ್ಲದ ದತ್ತಿ ಅದು.

ದೇಹೂವಿನ ಮಟ್ಟಿಗೆ 'ಇದು ಯಾರದು' ಎಂಬ ಪ್ರಶ್ನೆ ಹೊಸದೂ ಅಲ್ಲ. ತುಕಾರಾಮರ ಅಭಂಗಗಳ ವಹಿ ಇಂದ್ರಾಯಣಿಯಲ್ಲಿ ಮುಳುಗಿ ಮತ್ತೆ ತೇಲಿಬಂತೆಂಬುದು ಐತಿಹ್ಯ. ಅವರ ಕೈಬರಹದ್ದೆಂದು ಶ್ರದ್ಧೆಯಿಂದ ಕಾಪಾಡಿಕೊಂಡು ಬಂದ 'ಭಿಜಕೀ ವಹಿ' ಎಂಬ ಹಸ್ತಪ್ರತಿಯೂ ಉಂಟು. ಅವರ ಗಾಥೆಯನ್ನು ಸಂಪಾದಿಸಿದ ವಿದ್ವಾಂಸರೆಲ್ಲ ಶ್ರದ್ಧೆಯನ್ನು ಗೌರವಿಸುತ್ತಲೇ ಪ್ರತಿಗಳನ್ನು ತಾಳೆನೋಡಬೇಕಾಯಿತು. ಪತ್ರಿಕೆಯ ವಿಷಯದಲ್ಲಿ ಆ ತಾಳೆನೋಟವನ್ನು ಬಿಟ್ಟುಬಿಡಲು ಕಾರಣವಿಲ್ಲ.

೪

ಎರಡನೆಯದು ವಂಶಾವಳಿ, ಅಂದರೆ ಸಂಸ್ಥೆಯ ಕಾನೂನುಬದ್ಧ ಹುಟ್ಟು. 'ವಿಶ್ವವಿದ್ಯಾಲಯ' ಎಂಬ ಪದವನ್ನು ಯಾರೂ ಮನಬಂದಂತೆ ಬಳಸುವಂತಿಲ್ಲ. ೧೯೫೬ರ ಧನಸಹಾಯ ಆಯೋಗದ ಕಾಯ್ದೆಯ ೨೩ನೆಯ ಪ್ರಕರಣ ಅದನ್ನು ತಡೆಯುತ್ತದೆ. 'ಇನ್‌ಸ್ಟಿಟ್ಯೂಟ್', 'ಅಕಾಡೆಮಿ', 'ಸಂಶೋಧನ ಕೇಂದ್ರ' ಎಂಬ ಪದಗಳಿಗೆ ಆ ಪ್ರಕರಣದ ತಡೆಯಿಲ್ಲ. ಅಪರಿಚಿತ ಪ್ರಕಾಶಕರು ಈ ಪದಗಳನ್ನು ಮೆಚ್ಚುವುದರ ರಹಸ್ಯ ಇದು. ಆದ್ದರಿಂದ ಹೆಸರಿನಿಂದ ಏನನ್ನೂ ಊಹಿಸದೆ ನೋಂದಣಿಯನ್ನು ಹುಡುಕಬೇಕು.

ನಿಜವಾದ ಸಂಸ್ಥೆ ಸಾಮಾನ್ಯವಾಗಿ ಮೂರು ಬಾಗಿಲುಗಳಲ್ಲಿ ಒಂದರಿಂದ ಒಳಬಂದಿರುತ್ತದೆ. ಸಂಘವಾಗಿದ್ದರೆ ೧೮೬೦ರ ಸಂಘಗಳ ನೋಂದಣಿ ಕಾಯ್ದೆ; ಕರ್ನಾಟಕದಲ್ಲಿ ಅದರ ಸ್ಥಾನದಲ್ಲಿ ೧೯೬೦ರ ರಾಜ್ಯ ಕಾಯ್ದೆ. ನ್ಯಾಸವಾಗಿದ್ದರೆ ಮಹಾರಾಷ್ಟ್ರದಲ್ಲಿ ೧೯೫೦ರ ಸಾರ್ವಜನಿಕ ನ್ಯಾಸಗಳ ಕಾಯ್ದೆ. ಅದರ ದಾಖಲೆ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ. ಕಂಪನಿಯಾಗಿದ್ದರೆ ಕಂಪನಿಗಳ ರಿಜಿಸ್ಟ್ರಾರ್. ಪುಣೆಯಲ್ಲಿ ಅದರ ಪ್ರತ್ಯೇಕ ಕಚೇರಿಯೇ ಇದೆ. ಕಂಪನಿಗೆ ೨೧ ಅಕ್ಷರ–ಅಂಕಿಗಳ ಗುರುತಿನ ಸಂಖ್ಯೆಯೊಂದು ದೊರೆಯುತ್ತದೆ. ಕಂಪನಿ ಹುಟ್ಟಿದ ವರ್ಷ ಅದರೊಳಗೇ ಅಡಕವಾಗಿರುತ್ತದೆ. ೨೦೧೩ರ ಕಂಪನಿ ಕಾಯ್ದೆಯ ೧೨ನೆಯ ಪ್ರಕರಣದ ಪ್ರಕಾರ ಆ ಸಂಖ್ಯೆಯನ್ನೂ ನೋಂದಾಯಿತ ವಿಳಾಸವನ್ನೂ ಅದು ತನ್ನ ಪತ್ರಗಳ ಮೇಲೆ, ಪ್ರಕಟಣೆಗಳ ಮೇಲೆ ಅಚ್ಚುಹಾಕಬೇಕು. ಹಳೆಯ ಸಂಸ್ಥೆಯೆಂದು ಹೇಳಿಕೊಳ್ಳುವ ಕಂಪನಿಯ ಸಂಖ್ಯೆಯಲ್ಲಿ ಈಚಿನ ವರ್ಷವಿದ್ದರೆ, ತಿಥಿ ಒಂದು ವಾರ ಇನ್ನೊಂದಾದ ತಾಮ್ರಪಟದ ನೆನಪಾಗದೆ ಇರದು.

ಪತ್ರಿಕೆಗೂ ಇಂಥದೇ ಒಂದು ಗುರುತಿನ ಪರಂಪರೆಯಿತ್ತು. ೧೮೬೭ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆ ಮುದ್ರಕನ, ಪ್ರಕಾಶಕನ ಹೆಸರುಗಳನ್ನು ಅಚ್ಚುಹಾಕಲು ಕಡ್ಡಾಯಗೊಳಿಸಿತ್ತು. ೧೯೫೬ರಿಂದ ವೃತ್ತಪತ್ರಿಕೆಗಳ ರಿಜಿಸ್ಟ್ರಾರರಲ್ಲಿ ನೋಂದಾಯಿತವಾದ ಪತ್ರಿಕೆಗಳು ವರ್ಷಕ್ಕೊಮ್ಮೆ, ಫೆಬ್ರವರಿ ಮುಗಿದ ನಂತರದ ಮೊದಲ ಸಂಚಿಕೆಯಲ್ಲಿ, ಮಾಲೀಕ, ಪ್ರಕಾಶಕ, ಸಂಪಾದಕರ ಹೆಸರು ವಿಳಾಸಗಳನ್ನು ನಾಲ್ಕನೆಯ ನಮೂನೆಯಲ್ಲಿ ಪ್ರಕಟಿಸುತ್ತಿದ್ದವು. ಗ್ರಂಥಾಲಯದಲ್ಲಿ ಹಳೆಯ ಕನ್ನಡ ಮಾಸಪತ್ರಿಕೆಗಳ ರಟ್ಟುಕಟ್ಟಿದ ಸಂಪುಟಗಳನ್ನು ತಿರುವಿದವರಿಗೆ ಈ ನಮೂನೆ ಪರಿಚಿತ. ೨೦೨೪ರ ಮಾರ್ಚ್ ೧ರಿಂದ ಜಾರಿಯಾದ ಹೊಸ ಕಾಯ್ದೆ ನಿಯತಕಾಲಿಕದ ವ್ಯಾಖ್ಯೆಯಿಂದ ಪುಸ್ತಕಗಳನ್ನೂ ವೈಜ್ಞಾನಿಕ–ಶೈಕ್ಷಣಿಕ ಪತ್ರಿಕೆಗಳನ್ನೂ ಹೊರಗಿಟ್ಟಿದೆ. ಹೀಗಾಗಿ ವಿದ್ವತ್ಪತ್ರಿಕೆಯ ಮಾಲೀಕನನ್ನು ತಿಳಿಯಲು ಆ ನಮೂನೆಯನ್ನು ಇನ್ನು ನೆಚ್ಚಿಕೊಳ್ಳುವಂತಿಲ್ಲ. ಓದುಗನ ಎಚ್ಚರಕ್ಕೆ ಅಷ್ಟರಮಟ್ಟಿಗೆ ಹೆಚ್ಚಿನ ಕೆಲಸ ಬಂದಿದೆ.

೫

ಮೂರನೆಯದು ಸಂಖ್ಯೆ. ನಿಯತಕಾಲಿಕಗಳಿಗೆ ಕೊಡುವ ಐ.ಎಸ್.ಎಸ್.ಎನ್. ಎಂಬ ಎಂಟು ಅಂಕಿಗಳ ಸಂಖ್ಯೆಯನ್ನು ಅನೇಕರು ಯೋಗ್ಯತಾಪತ್ರವೆಂದು ತಿಳಿದಿದ್ದಾರೆ. ಅದು ತಪ್ಪು. ಅದು ಹೆಸರನ್ನು ಗುರುತಿಸುವ ಸಂಖ್ಯೆ ಮಾತ್ರ. ಒಳಗಿನ ಲೇಖನಗಳ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಅದರಿಂದ ಎರಡು ಪ್ರಯೋಜನಗಳಿವೆ. ಪ್ಯಾರಿಸಿನ ಅಂತರರಾಷ್ಟ್ರೀಯ ಕೇಂದ್ರದ ದಾಖಲೆಯಲ್ಲಿ ಆ ಸಂಖ್ಯೆ ಯಾವ ಪತ್ರಿಕೆಯದು, ಯಾವ ದೇಶದ್ದು ಎಂದು ನೋಡಬಹುದು. ಅದಕ್ಕೂ ಮೊದಲು, ಸಂಖ್ಯೆ ಸರಿಯಾದ ರೂಪದಲ್ಲಿದೆಯೇ ಎಂಬುದನ್ನು ಕಾಗದದ ಮೇಲೆಯೇ ಪರೀಕ್ಷಿಸಬಹುದು.

ಬೆಂಗಳೂರಿನಿಂದ ೧೯೩೨ರಿಂದ ಹೊರಬರುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆಯ ಸಂಖ್ಯೆ ೦೦೧೧-೩೮೯೧. ಇದರ ಮೊದಲ ಏಳು ಅಂಕಿಗಳನ್ನು ಕ್ರಮವಾಗಿ ೮, ೭, ೬, ೫, ೪, ೩, ೨ ಇವುಗಳಿಂದ ಗುಣಿಸಿದರೆ ೦, ೦, ೬, ೫, ೧೨, ೨೪, ೧೮ ಬರುತ್ತವೆ, ಮೊತ್ತ ೬೫. ಅದನ್ನು ೧೧ರಿಂದ ಭಾಗಿಸಿದರೆ ಶೇಷ ೧೦. ೧೧ರಲ್ಲಿ ೧೦ ಕಳೆದರೆ ೧. ಕೊನೆಯ ಅಂಕಿಯೂ ೧. ಈ ಕಳೆಯುವಿಕೆಯ ಫಲ ೧೦ ಆದಾಗ ಕೊನೆಯಲ್ಲಿ 'ಎಕ್ಸ್' ಎಂದು ಬರೆಯುತ್ತಾರೆ; ಶೇಷ ಸೊನ್ನೆಯಾದರೆ ಸೊನ್ನೆಯನ್ನೇ ಬರೆಯುತ್ತಾರೆ. ಮನಬಂದ ಎಂಟು ಅಂಕಿಗಳನ್ನು ಅಚ್ಚುಹಾಕಿದ ಪತ್ರಿಕೆ ಬಹುಮಟ್ಟಿಗೆ ಈ ಮೊದಲ ಹಂತದಲ್ಲಿಯೇ ಸಿಕ್ಕಿಬೀಳುತ್ತದೆ. ಛಂದಸ್ಸಿನ ಮಾತ್ರೆಗಳನ್ನು ಎಣಿಸಿ ಪಾಠದ ತಪ್ಪನ್ನು ಹಿಡಿಯುವ ಕನ್ನಡ ವಿದ್ಯಾರ್ಥಿಗೆ ಈ ಎಣಿಕೆ ಕಷ್ಟವಾಗಲಾರದು.

ಸಂಖ್ಯೆ ಸರಿಯಾಗಿದ್ದೂ ಪತ್ರಿಕೆ ಸುಳ್ಳಾಗಿರಬಹುದು. ಆಸ್ಟ್ರಿಯಾದ ಕ್ಲಾಗನ್‌ಫುರ್ಟ್‌ನ ವಸ್ತುಸಂಗ್ರಹಾಲಯ ಹೊರತರುವ 'ವುಲ್ಫೆನಿಯಾ' ಎಂಬ ಸಸ್ಯಶಾಸ್ತ್ರದ ಪತ್ರಿಕೆಯ ಹೆಸರನ್ನೂ ಸಂಖ್ಯೆಯನ್ನೂ ಕದ್ದು ಬೇರೆಯವರು ಜಾಲತಾಣ ತೆರೆದು, ಶುಲ್ಕ ಪಡೆದು ಎಲ್ಲ ವಿಷಯಗಳ ಲೇಖನಗಳನ್ನೂ ಪ್ರಕಟಿಸಿದ ಪ್ರಕರಣ ಪ್ರಸಿದ್ಧವಾಗಿದೆ. ನಿಜವಾದ ರಾಜನ ಹೆಸರಿನಲ್ಲಿ ಬರೆಸಿದ ಕೂಟಶಾಸನಕ್ಕೆ ಇದು ಸಮಾನ. ಸಸ್ಯಶಾಸ್ತ್ರದ ಪತ್ರಿಕೆಯಲ್ಲಿ ವಾಣಿಜ್ಯದ ಲೇಖನವೇಕೆ ಎಂಬ ಸರಳ ಪ್ರಶ್ನೆಯೇ ಇಲ್ಲಿ ಲಿಪಿಶಾಸ್ತ್ರದ ಕೆಲಸವನ್ನು ಮಾಡುತ್ತದೆ.

ಹೆಸರಿನ ಸಂಕ್ಷೇಪಗಳೂ ಮೋಸಕ್ಕೆ ಎಡೆಯಾಗಿವೆ. ಯೂಜಿನ್ ಗಾರ್‌ಫೀಲ್ಡ್ ಅವರು ಅಮೆರಿಕದ ಫಿಲಡೆಲ್ಫಿಯಾದಲ್ಲಿ ೧೯೬೦ರಲ್ಲಿ ಸ್ಥಾಪಿಸಿದ ವೈಜ್ಞಾನಿಕ ಮಾಹಿತಿ ಸಂಸ್ಥೆಗೆ 'ಐ.ಎಸ್.ಐ.' ಎಂಬ ಸಂಕ್ಷೇಪವಿತ್ತು. ೧೯೭೫ರಿಂದ ಪತ್ರಿಕೆಗಳ 'ಇಂಪ್ಯಾಕ್ಟ್ ಫ್ಯಾಕ್ಟರ್' ಪಟ್ಟಿಯನ್ನು ವರ್ಷವರ್ಷ ಕೊಡುತ್ತ ಬಂದದ್ದು ಅದು. ೧೯೯೨ರಲ್ಲಿ ಅದು ಥಾಮ್ಸನ್ ಕಂಪನಿಗೆ ಸೇರಿತು. ೨೦೧೬ರಿಂದ ಆ ಪಟ್ಟಿ ಕ್ಲಾರಿವೇಟ್ ಕಂಪನಿಯದು. ಆದರೆ ಅದೇ ಮೂರು ಅಕ್ಷರಗಳಿಗೆ ಬೇರೆ ವಿಸ್ತರಣೆಯನ್ನು ಕೊಟ್ಟು, ಹಣ ಪಡೆದು ಪತ್ರಿಕೆಗಳಿಗೆ ಅಂಕ ಕೊಡುವವರು ಹುಟ್ಟಿಕೊಂಡಿದ್ದಾರೆ. ಅಂಕ ಎಷ್ಟು ಎಂಬುದಕ್ಕಿಂತ ಅಂಕ ಕೊಟ್ಟವರು ಯಾರು ಎಂಬ ಪ್ರಶ್ನೆ ಇಲ್ಲಿ ಮುಖ್ಯ.

೬

ನಾಲ್ಕನೆಯದು ಸಾಕ್ಷಿಗಳು. ಸಂಪಾದಕ ಮಂಡಳಿಯ ಹೆಸರುಗಳನ್ನು ಓದಿ ಸುಮ್ಮನಾಗದೆ, ಆ ವಿದ್ವಾಂಸರ ವಿಶ್ವವಿದ್ಯಾಲಯದ ಪುಟದಲ್ಲಿ ಈ ಪತ್ರಿಕೆಯ ಉಲ್ಲೇಖವಿದೆಯೇ ಎಂದು ನೋಡಬೇಕು; ಒಬ್ಬಿಬ್ಬರಿಗೆ ಪತ್ರ ಬರೆದು ಕೇಳಬೇಕು. ಇದು ಅತಿಯಾದ ಎಚ್ಚರವಲ್ಲ. ಹೈದರಾಬಾದಿನ ಒಮಿಕ್ಸ್ ಪ್ರಕಾಶನ ಸಮೂಹದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ೨೦೧೬ರಲ್ಲಿ ಹೂಡಿದ ದಾವೆಯಲ್ಲಿ, ಒಪ್ಪಿಗೆಯಿಲ್ಲದೆ ವಿದ್ವಾಂಸರ ಹೆಸರುಗಳನ್ನು ಸಂಪಾದಕರೆಂದು ತೋರಿಸಿದ್ದು, ತಜ್ಞರ ಪರಿಶೀಲನೆಯ ಬಗ್ಗೆ ಸುಳ್ಳು ಹೇಳಿದ್ದು, ಶುಲ್ಕವನ್ನು ಮೊದಲು ಮರೆಮಾಡಿದ್ದು ಆರೋಪಗಳಾಗಿದ್ದವು. ೨೦೧೯ರ ಮಾರ್ಚ್‌ನಲ್ಲಿ ಅಲ್ಲಿನ ನ್ಯಾಯಾಲಯ ೫ ಕೋಟಿ ಡಾಲರಿಗೂ ಮಿಕ್ಕಿದ ಮೊತ್ತವನ್ನು ಕೊಡುವಂತೆ ತೀರ್ಪಿತ್ತಿತು.

ಇದಕ್ಕೂ ಮೊದಲು, ೨೦೧೩ರ ಅಕ್ಟೋಬರ್‌ನಲ್ಲಿ, 'ಸೈನ್ಸ್' ಪತ್ರಿಕೆಯಲ್ಲಿ ಜಾನ್ ಬೊಹಾನನ್ ಎಂಬ ಲೇಖಕ ತನ್ನ ಪರೀಕ್ಷೆಯೊಂದರ ಫಲವನ್ನು ಪ್ರಕಟಿಸಿದ್ದ. ಉದ್ದೇಶಪೂರ್ವಕವಾಗಿ ದೋಷಗಳನ್ನು ತುಂಬಿದ ಲೇಖನವೊಂದನ್ನು, ಇಲ್ಲದ ಲೇಖಕರ ಹೆಸರಿನಲ್ಲಿ, ಇಲ್ಲದ ಆಫ್ರಿಕನ್ ಸಂಸ್ಥೆಗಳ ವಿಳಾಸದಿಂದ, ಅವನು ೩೦೪ ಪತ್ರಿಕೆಗಳಿಗೆ ಕಳಿಸಿದ. ೧೫೭ ಪತ್ರಿಕೆಗಳು ಅದನ್ನು ಒಪ್ಪಿಕೊಂಡವು, ೯೮ ತಿರಸ್ಕರಿಸಿದವು. ಸಂಪಾದಕರ ಇರವು ಮತ್ತು ಬ್ಯಾಂಕ್ ಖಾತೆಗಳ ಸ್ಥಳವನ್ನು ಹಿಡಿದು ನೋಡಿದಾಗ ಮೂರರಲ್ಲೊಂದು ಪಾಲು ಪತ್ರಿಕೆಗಳು ಭಾರತದವೆಂದು ತಿಳಿಯಿತು. ಅವುಗಳಲ್ಲಿ ೬೪ ಒಪ್ಪಿದ್ದವು, ೧೫ ಮಾತ್ರ ತಿರಸ್ಕರಿಸಿದ್ದವು. ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ರಕ್ಷಾಪುಟದ ಮೇಲಿನ ದೇಶ ಒಂದಾಗಿದ್ದರೂ ಹಣ ಹೋಗುವ ಊರು ಇನ್ನೊಂದಾಗಿರಬಹುದು. ಆದ್ದರಿಂದ ಹಣದ ಜಾಡು ವಿಳಾಸಕ್ಕಿಂತ ನಂಬಲರ್ಹ. ಮತ್ತು, ತನ್ನ ಗುರುತನ್ನು ಮರೆಸುವ ಪ್ರಕಾಶಕ ಲೇಖಕನ ಗುರುತನ್ನೂ ವಿಚಾರಿಸುವುದಿಲ್ಲ. ಇಲ್ಲದ ಸಂಸ್ಥೆ ಇಲ್ಲದ ಸಂಸ್ಥೆಯ ಲೇಖನವನ್ನು ಸ್ವೀಕರಿಸುವ ವಿಪರೀತಕ್ಕೆ ದಾರಿ ಹೀಗೆ ತೆರೆಯುತ್ತದೆ.

೭

ಈ ವಿಷಯದಲ್ಲಿ ಭಾರತದಲ್ಲಿ ನಡೆದ ಮುಖ್ಯವಾದ ಅಧ್ಯಯನ ಪುಣೆಯದೇ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಭೂಷಣ ಪಟವರ್ಧನ್ ಮತ್ತು ಅವರ ಸಂಗಡಿಗರು ೨೦೧೮ರ ಮಾರ್ಚ್‌ನಲ್ಲಿ 'ಕರೆಂಟ್ ಸೈನ್ಸ್'ನಲ್ಲಿ ಅದನ್ನು ಪ್ರಕಟಿಸಿದರು. ಅಂಗೀಕೃತ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳು ತಾವಾಗಿ ಸೂಚಿಸಿದ ೫,೬೯೯ ಪತ್ರಿಕೆಗಳಿದ್ದವು. ಅವುಗಳಿಂದ ೧,೩೩೬ನ್ನು ಯಾದೃಚ್ಛಿಕವಾಗಿ ಆರಿಸಿ, ಪ್ರಸಿದ್ಧ ಸೂಚಿಗಳಲ್ಲಿ ಆಗಲೇ ಸೇರಿದ್ದ ೩೨೭ನ್ನು ಬಿಟ್ಟು, ಉಳಿದ ೧,೦೦೯ನ್ನು ಅವರು ಪರೀಕ್ಷಿಸಿದರು. ಶೇಕಡ ೩೪.೫ರಷ್ಟು ಪತ್ರಿಕೆಗಳು ವಿಳಾಸ, ಜಾಲತಾಣ, ಸಂಪಾದಕರ ಹೆಸರು ಇಂಥ ಮೂಲಭೂತ ವಿವರಗಳೇ ಇಲ್ಲದೆ ಅಥವಾ ತಪ್ಪಾಗಿದ್ದು ಅನರ್ಹವಾದವು. ಇನ್ನು ಶೇಕಡ ೫೨.೩ರಷ್ಟು ತಪ್ಪು ಐ.ಎಸ್.ಎಸ್.ಎನ್., ಸುಳ್ಳು ಇಂಪ್ಯಾಕ್ಟ್ ಫ್ಯಾಕ್ಟರ್ ಮುಂತಾದ ಕಾರಣಗಳಿಂದ ಬಿದ್ದುಹೋದವು. ಗಮನಿಸಬೇಕಾದ ಅಂಶವೆಂದರೆ, ಮೊದಲ ಸುತ್ತಿನಲ್ಲಿ ಬಿದ್ದವುಗಳನ್ನು ಕಂಡುಹಿಡಿಯಲು ವಿಜ್ಞಾನದ ಪಾಂಡಿತ್ಯ ಬೇಕಾಗಿರಲಿಲ್ಲ. ವಿಳಾಸವನ್ನು ಓದಿ ಅದು ನಿಜವೇ ಎಂದು ನೋಡುವ ತಾಳ್ಮೆ ಸಾಕಿತ್ತು. ಆ ತಾಳ್ಮೆಯನ್ನು, ಪತ್ರಿಕೆಗಳನ್ನು ಸೂಚಿಸಿದ ವಿಶ್ವವಿದ್ಯಾಲಯಗಳೇ ತೋರಿರಲಿಲ್ಲವೆಂಬುದು ನೋವಿನ ಸಂಗತಿ.

ಇದರಿಂದ ಕನ್ನಡಕ್ಕೆ ಆಗುವ ನಷ್ಟ ಅಂಕಗಳ ನಷ್ಟವಲ್ಲ. ವಿದ್ಯಾರ್ಥಿಯೊಬ್ಬ ಹಳ್ಳಿಯ ಗುಡಿಯ ಹಿಂದೆ ಅಪ್ರಕಟಿತ ಶಾಸನವೊಂದನ್ನು ಓದುತ್ತಾನೆ. ಇನ್ನೊಬ್ಬಳು ವಯಸ್ಸಾದ ಹಾಡುಗಾರ್ತಿಯ ಬಾಯಿಂದ ಕಾವ್ಯವೊಂದನ್ನು ಬರೆದುಕೊಳ್ಳುತ್ತಾಳೆ. ಆ ಬರೆಹ ಗುರುತಿಲ್ಲದ ಪತ್ರಿಕೆಗೆ ಹೋದರೆ, ಯಾವ ಗ್ರಂಥಾಲಯವೂ ಅದನ್ನು ಕೊಳ್ಳುವುದಿಲ್ಲ. ಜಾಲತಾಣದ ಬಾಡಿಗೆ ನಿಂತ ದಿನ ಲೇಖನವೂ ಇಲ್ಲವಾಗುತ್ತದೆ. ಒಮ್ಮೆ ಪ್ರಕಟವಾದದ್ದೆಂಬ ಕಾರಣಕ್ಕೆ ಬೇರೆ ಪತ್ರಿಕೆ ಅದನ್ನು ತೆಗೆದುಕೊಳ್ಳಲು ಹಿಂಜರಿಯುತ್ತದೆ. ಶಾಸನದ ಕಲ್ಲು ಒಡೆದುಹೋಗಬಹುದು, ಹಾಡುಗಾರ್ತಿ ತೀರಿಕೊಳ್ಳಬಹುದು. ಆಗ ಉಳಿಯಬೇಕಾಗಿದ್ದ ಏಕೈಕ ದಾಖಲೆಯೂ ಉಳಿಯುವುದಿಲ್ಲ.

೮

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅಪರಿಚಿತವಾದುದೆಲ್ಲ ಸುಳ್ಳಲ್ಲ, ಚಿಕ್ಕದೆಲ್ಲ ಸಂದೇಹಾಸ್ಪದವಲ್ಲ. ೧೯೧೮ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿ ಎಂಬ ಸಂಸ್ಥೆ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿತು. ಅದು ಸುಮಾರು ಎರಡು ವರ್ಷಗಳ ಕಾಲ ಮಾತ್ರ ನಡೆಯಿತು. ಇಂದಿನ ಅಳತೆಗೋಲುಗಳಲ್ಲಿ ಯಾವುದರಿಂದ ಅಳೆದರೂ ಅದು ಅಜ್ಞಾತ ಸಂಸ್ಥೆಯ ಅಲ್ಪಾಯುಷಿ ಪತ್ರಿಕೆ. ಆದರೆ ಅದರ ಹಿಂದಿದ್ದವರು ಯಾರೆಂಬುದರಲ್ಲಿ ಸಂದೇಹವಿರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ, ಪಂಪಭಾರತದ ಸಂಪಾದನೆಯಿಂದ ಕನ್ನಡಿಗರಿಗೆ ಚಿರಪರಿಚಿತರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು ಅದರ ಸಂಪಾದಕರು. ಬರೆದ ಮಾತಿಗೆ ಯಾರು ಹೊಣೆ ಎಂದು ಕೇಳಿದರೆ ಎದ್ದುನಿಂತು ಉತ್ತರಿಸುವವರಿದ್ದರು. ಸುಳ್ಳು ಸಂಸ್ಥೆಗೂ ಚಿಕ್ಕ ಸಂಸ್ಥೆಗೂ ಇರುವ ವ್ಯತ್ಯಾಸ ಇಷ್ಟೇ: ಚಿಕ್ಕ ಸಂಸ್ಥೆಯನ್ನು ಹುಡುಕಿ ಹೋದರೆ ಮನುಷ್ಯ ಸಿಗುತ್ತಾನೆ.

ಇಂದೂ ಕನ್ನಡದಲ್ಲಿ ಒಬ್ಬಿಬ್ಬರು ವಿದ್ವಾಂಸರು ಸ್ವಂತ ಹಣದಿಂದ ನಡೆಸುವ, ಯಾವ ಸೂಚಿಯಲ್ಲಿಯೂ ಸೇರದ, ವಿಳಾಸಕ್ಕೆ ಮನೆಯ ಸಂಖ್ಯೆಯನ್ನೇ ಕೊಡುವ ಸಂಶೋಧನ ಪತ್ರಿಕೆಗಳು ಇವೆ. ದೇಹೂ ರೋಡಿನಂಥ ಊರಿನ ಬಾಡಿಗೆಯ ಕೋಣೆಯಿಂದಲೂ ಪ್ರಾಮಾಣಿಕವಾದ ಪತ್ರಿಕೆಯೊಂದು ಹೊರಬರಬಹುದು. ವಿಳಾಸ ಬಡವಾಗಿದೆ ಎಂಬ ಕಾರಣದಿಂದ ಅದನ್ನು ತಳ್ಳಿಹಾಕಿದರೆ, ಗಂಗರ ಪಟಗಳನ್ನೆಲ್ಲ ಒಟ್ಟಿಗೆ ಕೂಟವೆಂದು ಕರೆದ ಆತುರವೇ ಮರುಕಳಿಸಿದಂತಾಗುತ್ತದೆ. ಶುಲ್ಕ ಕೇಳುವುದೊಂದೇ ದೋಷವಲ್ಲ. ಕಾಗದ, ಅಚ್ಚು, ಅಂಚೆಗೆ ಹಣ ಬೇಕು. ಶುಲ್ಕವನ್ನು ಮೊದಲೇ ಹೇಳಿದ್ದಾರೆಯೇ, ರಸೀತಿಯ ಮೇಲೆ ಯಾರ ಹೆಸರಿದೆ, ಲೇಖನದ ದೋಷಗಳನ್ನು ಯಾರಾದರೂ ಓದಿ ಹೇಳಿದರೇ ಎಂಬುವು ಸರಿಯಾದ ಪ್ರಶ್ನೆಗಳು.

ಪಟ್ಟಿಗಳ ಇತಿಹಾಸವೂ ಇದನ್ನೇ ಸಾರುತ್ತದೆ. ಅಮೆರಿಕದ ಗ್ರಂಥಪಾಲಕ ಜೆಫ್ರಿ ಬೀಲ್ ಅವರು ಹಲವು ವರ್ಷ ಒಬ್ಬರೇ ನಡೆಸಿದ ಸಂದೇಹಾಸ್ಪದ ಪ್ರಕಾಶಕರ ಪಟ್ಟಿ ೨೦೧೭ರ ಜನವರಿಯಲ್ಲಿ ನಿಂತಿತು. ಆಯೋಗದ ಪಟ್ಟಿಗಳೂ ಒಂದಾದ ಮೇಲೊಂದು ನಿಂತವು. ಪಟ್ಟಿಯನ್ನು ಮಾಡುವವರಿಗೆ ಒಂದೊಂದು ಪತ್ರಿಕೆಯನ್ನೂ ಓದುವ ಬಿಡುವಿರುವುದಿಲ್ಲ; ಲೇಖನ ಕಳಿಸುವವನಿಗೆ ತಾನು ಕಳಿಸುವ ಒಂದು ಪತ್ರಿಕೆಯನ್ನಾದರೂ ಓದುವ ಬಿಡುವು ಇರಲೇಬೇಕು.

೯

ಸಂಶೋಧನ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿ ಹಸ್ತಪ್ರತಿಯ ಪುಷ್ಪಿಕೆಯನ್ನು ಓದುವುದನ್ನು ಕಲಿಸಲಾಗುತ್ತದೆ: ಪ್ರತಿ ಮಾಡಿದವನು ಯಾರು, ಯಾವ ಊರಿನಲ್ಲಿ, ಯಾವ ಸಂವತ್ಸರದಲ್ಲಿ, ಯಾರಿಗಾಗಿ. ಆ ಪಾಠದ ಪಕ್ಕದಲ್ಲಿಯೇ ಪತ್ರಿಕೆಯ ಮುದ್ರಣ ವಿವರವನ್ನು ಓದುವ ಪಾಠವನ್ನೂ ಸೇರಿಸಬಹುದು. ವಿಭಾಗದಲ್ಲಿ ಒಂದು ದಫ್ತರವನ್ನಿಟ್ಟು, ವಿದ್ಯಾರ್ಥಿಗಳು ಪರಿಶೀಲಿಸಿದ ಪ್ರತಿಯೊಂದು ಪತ್ರಿಕೆಯ ವಿಳಾಸ, ನೋಂದಣಿ, ಸಂಖ್ಯೆ, ಸಂಪಾದಕರ ಉತ್ತರ ಇವುಗಳನ್ನು ದಿನಾಂಕದೊಡನೆ ಬರೆದಿಡುತ್ತ ಹೋದರೆ, ಕೆಲವು ವರ್ಷಗಳಲ್ಲಿ ಅದು ಯಾವ ಪಟ್ಟಿಗಿಂತಲೂ ಉಪಯುಕ್ತವಾದ ಆಕರವಾಗುತ್ತದೆ. ಕವಿಯ ಕಾಲ ದೇಶಗಳನ್ನು ನಿರ್ಣಯಿಸದೆ ಕಾವ್ಯವಿಮರ್ಶೆಗೆ ತೊಡಗದ ಶಿಸ್ತನ್ನು ಹಿರಿಯರು ಕಲಿಸಿದ್ದಾರೆ. ತನ್ನ ಬರೆಹವನ್ನು ಒಪ್ಪಿಸುವ ಸಂಸ್ಥೆಯ ಕಾಲ ದೇಶಗಳನ್ನು ನಿರ್ಣಯಿಸಿಕೊಳ್ಳುವುದು ಅದೇ ಶಿಸ್ತಿನ ಮುಂದುವರಿಕೆ.